ಜೋಳದ ದಂಟಿನಲ್ಲಿ ಪೆಂಟೇನ್: ದ್ರವ ಆಲ್ಕೇನ್‌ಗಳ ಸಮಾಂಗಿಗಳನ್ನು ತಪ್ಪಿಲ್ಲದೆ ಬರೆಯುವ ಕ್ರಮ

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬರುವ ದಿನಗಳಲ್ಲೇ ಧಾರವಾಡ, ಗದಗ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿದು, ಕಣದ ಪಕ್ಕದಲ್ಲಿ ದಂಟಿನ ಬಣವೆಗಳು ಏಳುತ್ತವೆ. ಆ ಬಣವೆಯಿಂದ ನಾಲ್ಕು ಒಣದಂಟು ಎಳೆದು ತಂದರೆ, ರಸಾಯನಶಾಸ್ತ್ರದಲ್ಲಿ ಅನೇಕರಿಗೆ ಕಬ್ಬಿಣದ ಕಡಲೆಯಾಗಿರುವ ಸಮಾಂಗಿಗಳ ವಿಷಯವನ್ನು ಕೈಯಿಂದಲೇ ಕಲಿಯಬಹುದು. ಅಣುಸೂತ್ರ ಒಂದೇ ಆಗಿದ್ದು, ಪರಮಾಣುಗಳ ಜೋಡಣೆ ಬೇರೆಯಾಗಿರುವ ವಸ್ತುಗಳೇ ಸಮಾಂಗಿಗಳು. ನಮ್ಮ ಕಡೆಯ ಮಕ್ಕಳು ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಚಕ್ಕಡಿ ಮಾಡಿ ಆಡುವುದು ಹಳೆಯ ರೂಢಿ. ಅದೇ ಬೆಂಡು, ಅದೇ ಸಿಬಿರು ಇಲ್ಲಿಯೂ ಸಾಕು.

ಸಂಜೆಯ ಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ಆರು ಕಾರ್ಬನ್ನಿನ ಹೆಕ್ಸೇನಿನ ಸಮಾಂಗಿಗಳನ್ನು ಬರೆದು ತಂದಿದ್ದಳು. ಪುಟದ ತುಂಬ ಎಂಟು ಚಿತ್ರಗಳು, ಒಂದೊಂದೂ ಅಳತೆಪಟ್ಟಿ ಇಟ್ಟು ಬರೆದಷ್ಟು ಅಚ್ಚುಕಟ್ಟು. ಹೆಕ್ಸೇನಿಗೆ ಇರುವುದು ಐದೇ ಸಮಾಂಗಿಗಳು. ಹೆಚ್ಚಾದ ಮೂರರಲ್ಲಿ ಒಂದು, ನೇರ ಸರಪಳಿಯ ಕೊನೆಯ ಕಾರ್ಬನ್ನನ್ನು ಕೆಳಕ್ಕೆ ಬಾಗಿಸಿ ಬರೆದದ್ದು. ಇನ್ನೊಂದಕ್ಕೆ ಅವಳು 4-ಮೀಥೈಲ್‌ಪೆಂಟೇನ್ ಎಂದು ಹೆಸರಿಟ್ಟಿದ್ದಳು. ಮೂರನೆಯದಕ್ಕೆ 2-ಈಥೈಲ್‌ಬ್ಯುಟೇನ್ ಎಂದು. ಈ ಮೂರೇ ತಪ್ಪುಗಳನ್ನು ನಾನು ಪ್ರತಿವರ್ಷ, ಜಾಣ ಮಕ್ಕಳ ನೋಟ್‌ಬುಕ್‌ಗಳಲ್ಲಿಯೂ, ಕಾಣುತ್ತೇನೆ. ಇದಕ್ಕೆ ಕಾರಣ ಮಕ್ಕಳ ಅಜಾಗರೂಕತೆಯಲ್ಲ. ಹಾಳೆ ಚಪ್ಪಟೆ, ಅಣು ಚಪ್ಪಟೆಯಲ್ಲ. ಹಾಳೆಯ ಮೇಲೆ ಬೇರೆಯಾಗಿ ಕಾಣುವ ಎರಡು ಚಿತ್ರಗಳು ಒಂದೇ ಅಣುವಿನ ಎರಡು ಭಂಗಿಗಳಾಗಿರಬಹುದು ಎಂಬುದನ್ನು ನಾವು ಮೊದಲ ದಿನವೇ ತೋರಿಸಿಕೊಡುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲು ಮಾದರಿ, ಆಮೇಲೆ ಚಿತ್ರ, ಅದರ ನಂತರ ಹೆಸರು ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಮೊದಲ ಹೆಜ್ಜೆ: ಕಾರ್ಬನ್ನಿಗೆ ನಾಲ್ಕು ಕೈ

ದಂಟಿನ ಹೊರಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆಯಿರಿ. ಸಿಪ್ಪೆಯ ಅಂಚು ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ, ಆದ್ದರಿಂದ ಚಿಕ್ಕವರಿದ್ದರೆ ಈ ಕೆಲಸವನ್ನು ದೊಡ್ಡವರು ಮಾಡಿಕೊಡಬೇಕು. ಒಳಗಿನ ಬಿಳಿಯ ಬೆಂಡನ್ನು ಹೆಬ್ಬೆರಳಿನ ತುದಿಯಷ್ಟು ಗಾತ್ರದ ತುಂಡುಗಳಾಗಿ ಕತ್ತರಿಸಿ, ಇವು ಕಾರ್ಬನ್‌ಗಳು. ಸಿಪ್ಪೆಯನ್ನು ಎರಡು ಬೆರಳುದ್ದದ ತೆಳು ಸಿಬಿರುಗಳಾಗಿ ಸೀಳಿಕೊಳ್ಳಿ, ಇವು ಬಂಧಗಳು. ಹೈಡ್ರೋಜನ್‌ಗಳಿಗೆ ಬೇರೆ ಗುಂಡುಗಳನ್ನು ಮಾಡುವ ಅಗತ್ಯವಿಲ್ಲ. ಇನ್ನೊಂದು ಬೆಂಡಿಗೆ ಸೇರದೆ ಖಾಲಿಯಾಗಿ ಉಳಿದ ಸಿಬಿರಿನ ತುದಿಯೇ ಹೈಡ್ರೋಜನ್ ಎಂದು ಇಟ್ಟುಕೊಂಡರೆ ಎಣಿಕೆಯೂ ಸುಲಭ, ಮಾದರಿಯೂ ಹಗುರ.

ಒಂದು ಬೆಂಡಿಗೆ ಮೂರು ಸಿಬಿರುಗಳನ್ನು ಮುಕ್ಕಾಲಿಯ ಕಾಲುಗಳಂತೆ ಕೆಳಮುಖವಾಗಿ ಹರವಿ ಚುಚ್ಚಿ, ನಾಲ್ಕನೆಯದನ್ನು ನೆಟ್ಟಗೆ ಮೇಲಕ್ಕೆ ಚುಚ್ಚಿ. ಯಾವ ಮೂರು ಸಿಬಿರುಗಳ ಮೇಲೆ ನಿಲ್ಲಿಸಿದರೂ ಅದು ಒಂದೇ ರೀತಿ ನಿಂತರೆ ಕೋನಗಳು ಸರಿಯಾಗಿವೆ ಎಂದರ್ಥ. ನಿಜವಾದ ಅಣುವಿನಲ್ಲಿ ಈ ಕೋನ 109.5 ಡಿಗ್ರಿ. ಕಾರ್ಬನ್ನಿನ ನಾಲ್ಕು ಬಂಧಗಳು ಹೀಗೆ ಚತುರ್ಮುಖಿಯ ಮೂಲೆಗಳತ್ತ ಚಾಚಿಕೊಂಡಿವೆ ಎಂದು 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಬೇರೆಬೇರೆಯಾಗಿಯೇ ಹೇಳಿದರು. ನೀವು ಈಗ ಮಾಡಿಟ್ಟದ್ದು ಮೀಥೇನ್.

ಐದು ಬೆಂಡುಗಳನ್ನು ಸಾಲಾಗಿ ಸಿಬಿರಿನಿಂದ ಪೋಣಿಸಿ, ಪ್ರತಿಯೊಂದಕ್ಕೂ ಒಟ್ಟು ನಾಲ್ಕು ಸಿಬಿರುಗಳಾಗುವಂತೆ ಉಳಿದವನ್ನು ಚುಚ್ಚಿ, ಖಾಲಿ ತುದಿಗಳನ್ನು ಎಣಿಸಿ. ನಡುವಿನ ಮೂರಕ್ಕೆ ಎರಡೆರಡು, ಎರಡು ಕೊನೆಗಳಿಗೆ ಮೂರುಮೂರು, ಒಟ್ಟು ಹನ್ನೆರಡು. ಇದು ಪೆಂಟೇನ್. ಕಾರ್ಬನ್ ಸಂಖ್ಯೆಯನ್ನು ಇಮ್ಮಡಿಸಿ ಎರಡು ಕೂಡಿಸಿದರೆ ಹೈಡ್ರೋಜನ್ ಸಂಖ್ಯೆ ಬರುತ್ತದೆ ಎಂಬ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪ್ರತಿ ಕಾರ್ಬನ್ನಿಗೆ ಎರಡು, ಸರಪಳಿಯ ಎರಡು ತುದಿಗಳಿಗೆ ಒಂದೊಂದು ಹೆಚ್ಚು, ಇಷ್ಟೇ ಅದರ ಅರ್ಥ. ಒಂಟಿ ಬಂಧಗಳಷ್ಟೇ ಇರುವ ಇಂಥ ಪರ್ಯಾಪ್ತ ಹೈಡ್ರೋಕಾರ್ಬನ್‌ಗಳಿಗೇ ಆಲ್ಕೇನ್ ಎಂದು ಹೆಸರು.

ಈಗ ಪೆಂಟೇನ್ ಮಾದರಿಯನ್ನು ಕೈಯಲ್ಲಿ ಹಿಡಿದು, ಕೊನೆಯ ಬೆಂಡನ್ನು ಅದರ ಸಿಬಿರಿನ ಸುತ್ತ ತಿರುಗಿಸಿ. ಸಿಬಿರು ಬೆಂಡಿನೊಳಗೆ ಸಲೀಸಾಗಿ ತಿರುಗುತ್ತದೆ, ಏನೂ ಕಳಚುವುದಿಲ್ಲ. ಸರಪಳಿ ಒಮ್ಮೆ ನೀಳವಾಗಿ, ಒಮ್ಮೆ ಮುದುಡಿ, ಒಮ್ಮೆ ಕುಡುಗೋಲಿನಂತೆ ಬಾಗಿ ಕಾಣುತ್ತದೆ. ಒಂಟಿ ಬಂಧದ ಸುತ್ತ ಇಂಥ ತಿರುಗಾಟ ನಿಜವಾದ ಅಣುವಿನಲ್ಲಿ ಸದಾ ನಡೆಯುತ್ತಲೇ ಇರುತ್ತದೆ. ಸಿಬಿರನ್ನು ಕೀಳದೆ ಒಂದು ಆಕಾರದಿಂದ ಇನ್ನೊಂದಕ್ಕೆ ಹೋಗಬಹುದಾದರೆ ಅವೆರಡೂ ಒಂದೇ ವಸ್ತು. ಒಂದು ಸಿಬಿರನ್ನು ಕಿತ್ತು ಬೇರೆ ಕಡೆ ಚುಚ್ಚದೆ ಹೋಗಲಾಗದಿದ್ದರೆ ಅವು ಸಮಾಂಗಿಗಳು. ಈ ಪರೀಕ್ಷೆಯನ್ನು ಹತ್ತು ಸಲ ಕೈಯಲ್ಲಿ ಮಾಡಿದವರು ಬಾಗಿದ ಸರಪಳಿಯನ್ನು ಹೊಸ ಸಮಾಂಗಿ ಎಂದು ಮತ್ತೆ ಬರೆಯುವುದಿಲ್ಲ.

ಎರಡನೆಯ ಹೆಜ್ಜೆ: ಪೆಂಟೇನಿನ ಮೂರು ರೂಪಗಳು

ನೇರ ಸರಪಳಿಯ ಕೊನೆಯ ಬೆಂಡನ್ನು ಕಿತ್ತು, ಉಳಿದ ನಾಲ್ಕರ ಸರಪಳಿಯಲ್ಲಿ ಎರಡನೆಯ ಬೆಂಡಿಗೆ ಚುಚ್ಚಿ. ಇದು 2-ಮೀಥೈಲ್‌ಬ್ಯುಟೇನ್, ಹಳೆಯ ಹೆಸರು ಐಸೋಪೆಂಟೇನ್. ಮೀಥೈಲ್ ಎಂದರೆ ಒಂದು ಕಾರ್ಬನ್ನಿನ ಕವಲು, 2 ಎಂದರೆ ಅದು ಕೂತಿರುವ ಕಾರ್ಬನ್ನಿನ ಸ್ಥಾನ. ಮೂರನೆಯ ಬೆಂಡಿಗೆ ಚುಚ್ಚಿದರೆ? ಮಾದರಿಯನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, ಅದೇ ವಸ್ತು. ಇನ್ನೂ ಒಂದು ಬೆಂಡು ಕಿತ್ತು, ಮೂರರ ಸರಪಳಿಯ ನಡುವಿನದಕ್ಕೆ ಎರಡನ್ನೂ ಚುಚ್ಚಿದರೆ 2,2-ಡೈಮೀಥೈಲ್‌ಪ್ರೊಪೇನ್, ಅಂದರೆ ನಿಯೋಪೆಂಟೇನ್ ಸಿಗುತ್ತದೆ. ಮೂರರಲ್ಲಿಯೂ ಖಾಲಿ ತುದಿಗಳು ಹನ್ನೆರಡೇ. ನಿಯೋಪೆಂಟೇನನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಉಂಡೆಯಂತೆ ಕೂಡುತ್ತದೆ. ನೇರ ಪೆಂಟೇನ್ ಮಣಿಕಟ್ಟಿನವರೆಗೆ ಚಾಚಿಕೊಳ್ಳುತ್ತದೆ. ಈ ಒಂದು ವ್ಯತ್ಯಾಸದಿಂದ ಎಷ್ಟೆಲ್ಲ ಆಗುತ್ತದೆ ಎಂಬುದೇ ಈ ವಿಷಯದ ಸೊಗಸು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪೆಂಟೇನ್ 36.1 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಐಸೋಪೆಂಟೇನ್ 27.8ರಲ್ಲಿ, ನಿಯೋಪೆಂಟೇನ್ 9.5ರಲ್ಲಿ. ಈ ಅಂಕೆಗಳನ್ನು ನಮ್ಮ ಊರಿನ ಹವೆಯ ಪಕ್ಕದಲ್ಲಿ ಇಟ್ಟು ನೋಡಿ. ಡಿಸೆಂಬರಿನ ಬೆಳಗಿನಲ್ಲಿ ಧಾರವಾಡದ ಚಳಿಗೆ ಮೊದಲ ಎರಡೂ ದ್ರವಗಳು. ನಿಯೋಪೆಂಟೇನ್ ಮಾತ್ರ ಆ ಚಳಿಯಲ್ಲಿಯೂ ಅನಿಲವೇ. ಅದೇ ದಿನ ಮಧ್ಯಾಹ್ನ ಬಿಸಿಲೇರಿದಾಗ ಐಸೋಪೆಂಟೇನ್ ಕುದಿಯುವ ಅಂಚಿಗೆ ಬರುತ್ತದೆ. ಗದಗಿನ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟಿದ ದಿನ ನೆರಳಿನಲ್ಲಿಟ್ಟ ಪೆಂಟೇನೂ ಕುದ್ದುಹೋಗುತ್ತದೆ. ಪುಸ್ತಕದ ಅಂಕೆಗಳೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ ಕೊಟ್ಟವು. ಹುಬ್ಬಳ್ಳಿ-ಧಾರವಾಡ 600 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗಿಂತ ಸುಮಾರು ಎರಡು ಡಿಗ್ರಿ ಮೊದಲೇ ಕುದಿಯುವಂತೆ, ಇವೂ ತುಸು ಬೇಗನೆ ಕುದಿಯುತ್ತವೆ.

ಕಾರಣವನ್ನು ಸುಗ್ಗಿಯಲ್ಲಿಯೇ ಕಾಣಬಹುದು. ನೆಟ್ಟಗಿನ ದಂಟುಗಳನ್ನು ಸೂಡು ಕಟ್ಟಿದಾಗ ಒಂದು ದಂಟು ಇನ್ನೊಂದಕ್ಕೆ ಉದ್ದಕ್ಕೂ ತಾಗಿಕೊಂಡಿರುತ್ತದೆ. ಉಳ್ಳಾಗಡ್ಡಿ ರಾಶಿಯಲ್ಲಿ ಒಂದು ಗಡ್ಡೆ ಇನ್ನೊಂದಕ್ಕೆ ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಆಲ್ಕೇನ್ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವುದು ಎಲೆಕ್ಟ್ರಾನುಗಳ ಕ್ಷಣಕ್ಷಣದ ಏರುಪೇರಿನಿಂದ ಹುಟ್ಟುವ ದುರ್ಬಲ ಆಕರ್ಷಣೆ ಮಾತ್ರ, ಮತ್ತು ಅದರ ಬಲ ಎಷ್ಟು ಮೈ ತಾಗಿದೆ ಎಂಬುದರ ಮೇಲೆ ನಿಂತಿದೆ. ಕವಲು ಹೆಚ್ಚಿದಂತೆ ಅಣು ಉಂಡೆಯಾಗುತ್ತದೆ, ತಾಗುವ ಮೈ ಕಡಿಮೆಯಾಗುತ್ತದೆ, ಅಣುಗಳು ಸುಲಭವಾಗಿ ಬಿಟ್ಟು ಹಾರುತ್ತವೆ.

ಇಷ್ಟು ಕಲಿತವರು ಕರಗುವ ಬಿಂದುವಿಗೂ ಇದೇ ನಿಯಮ ಹಚ್ಚುತ್ತಾರೆ, ಅಲ್ಲಿ ಎಡವುತ್ತಾರೆ. ಪೆಂಟೇನ್ ಮೈನಸ್ 129.7ರಲ್ಲಿ ಕರಗುತ್ತದೆ, ಐಸೋಪೆಂಟೇನ್ ಮೈನಸ್ 159.9ರಲ್ಲಿ, ಆದರೆ ನಿಯೋಪೆಂಟೇನ್ ಮೈನಸ್ 16.6ರಲ್ಲಿಯೇ ಕರಗುತ್ತದೆ. ಕುದಿಯುವುದರಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು ಇಲ್ಲಿ ಎಲ್ಲಕ್ಕಿಂತ ಮೇಲೆ ಬಂದು ಕುಳಿತಿದೆ. ಘನರೂಪದಲ್ಲಿ ಮುಖ್ಯವಾಗುವುದು ಅಣುಗಳು ಎಷ್ಟು ಒಪ್ಪವಾಗಿ ಜೋಡಿಸಿಕೊಳ್ಳಬಲ್ಲವು ಎಂಬುದು. ಎಲ್ಲ ದಿಕ್ಕಿನಿಂದಲೂ ಒಂದೇ ರೀತಿ ಇರುವ ನಿಯೋಪೆಂಟೇನ್ ಲಾಡಿನ ತಟ್ಟೆಯಂತೆ ಸಾಲುಗೂಡುತ್ತದೆ. ಒಂದೇ ಕಡೆ ಕವಲಿರುವ ಐಸೋಪೆಂಟೇನ್ ಹೇಗಿಟ್ಟರೂ ಸರಿಯಾಗಿ ಕೂಡುವುದಿಲ್ಲ.

ಯಾವ ಆಲ್ಕೇನ್‌ಗಳು ದ್ರವಗಳು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೇರ ಸರಪಳಿಗಳಲ್ಲಿ ಮೀಥೇನಿನಿಂದ ಬ್ಯುಟೇನಿನವರೆಗಿನ ನಾಲ್ಕು ಸಾಮಾನ್ಯ ಹವೆಯಲ್ಲಿ ಅನಿಲಗಳು. ಅಡುಗೆ ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯುಟೇನ್ ದ್ರವವಾಗಿರುವುದು ಒತ್ತಡದಿಂದ. ಐದು ಕಾರ್ಬನ್ನಿನಿಂದ ದ್ರವಗಳು ಆರಂಭವಾಗುತ್ತವೆ: ಹೆಕ್ಸೇನ್ 68.7, ಹೆಪ್ಟೇನ್ 98.4, ಆಕ್ಟೇನ್ 125.7 ಡಿಗ್ರಿಯಲ್ಲಿ ಕುದಿಯುತ್ತವೆ. ಹದಿನಾರು ಕಾರ್ಬನ್ನಿನ ಹೆಕ್ಸಾಡೆಕೇನ್ 18 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ, ನಮ್ಮ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯಂತೆ ಬೆಳಗ್ಗೆ ಹೆಪ್ಪುಗಟ್ಟಿ ಮಧ್ಯಾಹ್ನ ಕರಗಬಲ್ಲದು. ಈ ದ್ರವಗಳೆಲ್ಲ ನೀರಿಗಿಂತ ಹಗುರ, ಬಣ್ಣವಿಲ್ಲದವು, ನೀರಿನೊಡನೆ ಬೆರೆಯದವು.

ಮೂರನೆಯ ಹೆಜ್ಜೆ: ಹೆಕ್ಸೇನನ್ನು ಕ್ರಮವಾಗಿ ಬರೆಯುವುದು

ಈಗ ಹಾಳೆಗೆ ಬರಬಹುದು. ತೋಚಿದಂತೆ ಚಿತ್ರ ಬರೆಯದೆ, ಮುಖ್ಯ ಸರಪಳಿಯ ಉದ್ದವನ್ನು ಒಂದೊಂದಾಗಿ ಇಳಿಸುತ್ತ ಹೋಗಬೇಕು. ಹೈಡ್ರೋಜನ್‌ಗಳನ್ನು ಬಿಟ್ಟು ಕಾರ್ಬನ್ ಅಸ್ಥಿಪಂಜರವನ್ನಷ್ಟೇ ಬರೆಯಿರಿ. ಅವನ್ನು ಕೊನೆಯಲ್ಲಿ ತುಂಬಿದರೆ ಸಾಕು.

ಆರು ಕಾರ್ಬನ್ನಿನ ಸರಪಳಿ ಒಂದೇ: ಹೆಕ್ಸೇನ್. ಐದರ ಸರಪಳಿಯಲ್ಲಿ ಒಂದು ಕಾರ್ಬನ್ ಕೈಯಲ್ಲಿ ಉಳಿಯುತ್ತದೆ. ಅದನ್ನು ತುದಿಗೆ ಹಚ್ಚುವಂತಿಲ್ಲ, ಹಚ್ಚಿದರೆ ಸರಪಳಿ ಮತ್ತೆ ಆರಾಗುತ್ತದೆ. ಎರಡನೆಯದಕ್ಕೆ ಹಚ್ಚಿದರೆ 2-ಮೀಥೈಲ್‌ಪೆಂಟೇನ್, ಮೂರನೆಯದಕ್ಕೆ ಹಚ್ಚಿದರೆ 3-ಮೀಥೈಲ್‌ಪೆಂಟೇನ್. ನಾಲ್ಕನೆಯದು ಇನ್ನೊಂದು ತುದಿಯಿಂದ ಎಣಿಸಿದರೆ ಎರಡನೆಯದೇ, ಆದ್ದರಿಂದ ಹೊಸದಲ್ಲ. ನಾಲ್ಕರ ಸರಪಳಿಯಲ್ಲಿ ಎರಡು ಕಾರ್ಬನ್ ಉಳಿಯುತ್ತವೆ. ಎರಡನ್ನೂ ಒಂದೇ ಕಡೆ ಹಚ್ಚಿದರೆ 2,2-ಡೈಮೀಥೈಲ್‌ಬ್ಯುಟೇನ್, ಒಂದೊಂದನ್ನು ಬೇರೆ ಕಡೆ ಹಚ್ಚಿದರೆ 2,3-ಡೈಮೀಥೈಲ್‌ಬ್ಯುಟೇನ್. ಎರಡನ್ನೂ ಕೂಡಿಸಿ ಈಥೈಲ್ ಗುಂಪಾಗಿ ಎರಡನೆಯದಕ್ಕೆ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಮಾದರಿಯಲ್ಲಿ ಬೆರಳಿಟ್ಟು ನೋಡಬೇಕು: ಈಥೈಲಿನ ತುದಿಯಿಂದ ಹೊರಟು ಸರಪಳಿಯ ದೂರದ ತುದಿಗೆ ಬೆರಳು ನಡೆಸಿದರೆ ಐದು ಬೆಂಡುಗಳು ಸಿಗುತ್ತವೆ. ಅಂದರೆ ಅದು 3-ಮೀಥೈಲ್‌ಪೆಂಟೇನೇ. ಆ ಹುಡುಗಿಯ ಮೂರನೆಯ ತಪ್ಪು ಇದೇ ಆಗಿತ್ತು, ಮತ್ತು ಹೀಗೆ ಬೆರಳು ನಡೆಸಿದಾಗ ಅವಳೇ ಅದನ್ನು ಕಂಡುಕೊಂಡಳು. ಮೂರರ ಸರಪಳಿಯಲ್ಲಿ ನಡುವಿನ ಕಾರ್ಬನ್ನಿಗೆ ಎರಡೇ ಕೈ ಖಾಲಿ, ಉಳಿದವರು ಮೂವರು. ಸರಪಳಿ ಉದ್ದವಾಗದೆ ಜಾಗ ಸಾಲುವುದಿಲ್ಲ. ಲೆಕ್ಕ ಐದಕ್ಕೆ ಮುಗಿಯಿತು.

ಹೆಸರಿಡುವುದು ಇಲ್ಲಿ ಅಲಂಕಾರವಲ್ಲ, ಲೆಕ್ಕ ಪರಿಶೋಧನೆ. ಅತಿ ಉದ್ದದ ಸರಪಳಿಯನ್ನು ಹುಡುಕಿ, ಕವಲಿಗೆ ಹತ್ತಿರವಾದ ತುದಿಯಿಂದ ಎಣಿಸಿ, ಕವಲುಗಳ ಸ್ಥಾನವನ್ನು ಅಂಕೆಯಲ್ಲಿ ಬರೆದರೆ, ಪ್ರತಿಯೊಂದು ರಚನೆಗೂ ಒಂದೇ ಒಂದು ಹೆಸರು ಬರುತ್ತದೆ. ಎರಡು ಚಿತ್ರಗಳಿಗೆ ಒಂದೇ ಹೆಸರು ಬಂದರೆ ಒಂದನ್ನು ಹೊಡೆದುಹಾಕಿ.

ನಾಲ್ಕನೆಯ ಹೆಜ್ಜೆ: ಹೆಪ್ಟೇನಿನಲ್ಲಿ ಕೈ ಪಳಗಿಸುವುದು

ಹೆಪ್ಟೇನಿಗೆ ಒಂಬತ್ತು ರಚನಾ ಸಮಾಂಗಿಗಳು. ಮೊದಲು ನೀವೇ ಬರೆದು, ಆಮೇಲೆ ಹೋಲಿಸಿ: ಏಳರ ಸರಪಳಿ ಒಂದು, ಆರರಲ್ಲಿ 2-ಮೀಥೈಲ್ ಮತ್ತು 3-ಮೀಥೈಲ್‌ಹೆಕ್ಸೇನ್, ಐದರಲ್ಲಿ 2,2, 2,3, 2,4 ಮತ್ತು 3,3-ಡೈಮೀಥೈಲ್‌ಪೆಂಟೇನ್‌ಗಳು ನಾಲ್ಕು, ಜೊತೆಗೆ 3-ಈಥೈಲ್‌ಪೆಂಟೇನ್, ನಾಲ್ಕರಲ್ಲಿ 2,2,3-ಟ್ರೈಮೀಥೈಲ್‌ಬ್ಯುಟೇನ್ ಒಂದೇ. ಈಥೈಲ್ ಕವಲು ನಿಜವಾಗಿ ನಿಲ್ಲುವುದಕ್ಕೆ ಕನಿಷ್ಠ ಐದರ ಸರಪಳಿ, ಅದರಲ್ಲಿಯೂ ನಡುವಿನ ಸ್ಥಾನ ಬೇಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಪಿಯುಸಿ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. 3-ಮೀಥೈಲ್‌ಹೆಕ್ಸೇನಿನ ಮೂರನೆಯ ಕಾರ್ಬನ್ನಿಗೆ ಹೈಡ್ರೋಜನ್, ಮೀಥೈಲ್, ಈಥೈಲ್, ಪ್ರೊಪೈಲ್ ಎಂಬ ನಾಲ್ಕು ಬೇರೆಬೇರೆ ಗುಂಪುಗಳು ತಗುಲಿವೆ. ಇದರ ಮಾದರಿಯೊಂದನ್ನು ಮಾಡಿ ಕನ್ನಡಿಯ ಮುಂದೆ ಹಿಡಿಯಿರಿ. ಕನ್ನಡಿಯಲ್ಲಿ ಕಂಡಂತೆ ಇನ್ನೊಂದನ್ನು ಮಾಡಿ. ಎಷ್ಟು ತಿರುಗಿಸಿದರೂ ಎರಡೂ ಒಂದರ ಮೇಲೊಂದು ಕೂಡುವುದಿಲ್ಲ, ಎಡಗಾಲಿನ ಮೆಟ್ಟು ಬಲಗಾಲಿಗೆ ಕೂಡದಂತೆ. 2,3-ಡೈಮೀಥೈಲ್‌ಪೆಂಟೇನಿಗೂ ಇದೇ ಗುಣವಿದೆ. ಕನ್ನಡಿ ಜೋಡಿಗಳನ್ನು ಬೇರೆಯಾಗಿ ಎಣಿಸಿದರೆ ಒಂಬತ್ತು ಹನ್ನೊಂದಾಗುತ್ತದೆ. ಪ್ರಶ್ನೆಯಲ್ಲಿ ರಚನಾ ಸಮಾಂಗಿ ಎಂದಿದ್ದರೆ ಮಾತ್ರ ಒಂಬತ್ತನ್ನೇ ಬರೆಯಬೇಕು.

ಕಾರ್ಬನ್ ಹೆಚ್ಚಿದಂತೆ ಸಂಖ್ಯೆ ಹೇಗೆ ಉಕ್ಕುತ್ತದೆಂದರೆ, ಆಕ್ಟೇನಿಗೆ 18, ನೋನೇನಿಗೆ 35, ಡೆಕೇನಿಗೆ 75. ಈ ಎಣಿಕೆಯನ್ನು ಗಣಿತವಾಗಿ ಕೈಗೆತ್ತಿಕೊಂಡ ಇಂಗ್ಲೆಂಡಿನ ಆರ್ಥರ್ ಕೇಲಿಯಂಥ ಗಣಿತಜ್ಞನೂ 1875ರಲ್ಲಿ ಹನ್ನೆರಡು ಮತ್ತು ಹದಿಮೂರು ಕಾರ್ಬನ್‌ಗಳ ಲೆಕ್ಕದಲ್ಲಿ ತಪ್ಪಿದ್ದನು. ಹೆಪ್ಟೇನಿನಲ್ಲಿ ಒಂದು ತಪ್ಪಿದ ವಿದ್ಯಾರ್ಥಿ ಎದೆಗುಂದಬೇಕಾಗಿಲ್ಲ.

ಹೊಲ ಮತ್ತು ಪೇಟೆಯಲ್ಲಿ ಇವುಗಳ ಕೆಲಸ

ಶೇಂಗಾ, ಸೂರ್ಯಕಾಂತಿ ಬೀಜಗಳನ್ನು ಗಾಣದಲ್ಲಿ ಅರೆದ ಮೇಲೆಯೂ ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತದೆ. ಅದನ್ನು ಕರಗಿಸಿ ತೆಗೆಯಲು ಕಾರ್ಖಾನೆಗಳಲ್ಲಿ ಹೆಕ್ಸೇನ್ ಬಳಸುತ್ತಾರೆ. ಎಣ್ಣೆ ಕರಗಿದ ಹೆಕ್ಸೇನನ್ನು ಕಾಯಿಸಿದರೆ ಅದು 70 ಡಿಗ್ರಿಯೊಳಗೇ ಆವಿಯಾಗಿ ಬೇರ್ಪಡುತ್ತದೆ, ಎಣ್ಣೆ ಉಳಿಯುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ ಇಷ್ಟು ಬೇಡಿಕೆ ಇರುವುದು ಖಾರಕ್ಕಿಂತ ಹೆಚ್ಚಾಗಿ ಅದರ ಕೆಂಪು ಬಣ್ಣಕ್ಕೆ. ಕ್ಯಾಪ್ಸಾಂಥಿನ್ ಮೊದಲಾದ ಆ ಬಣ್ಣದ ವಸ್ತುಗಳು ಉದ್ದನೆಯ ಹೈಡ್ರೋಕಾರ್ಬನ್ ಮೈಯುಳ್ಳವು, ಆದ್ದರಿಂದ ನೀರಿಗೆ ಬಿಡದೆ ಹೆಕ್ಸೇನಿನಂಥ ದ್ರಾವಕಗಳಿಗೆ ಬಿಡುತ್ತವೆ; ಮೆಣಸಿನಕಾಯಿಯ ಗಟ್ಟಿ ಸಾರವಾದ ಓಲಿಯೊರೆಸಿನ್ ತೆಗೆಯುವುದು ಹೀಗೆಯೇ. ಒಗ್ಗರಣೆಯ ಎಣ್ಣೆ ಕೆಂಪಾಗುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ನೋಡಬೇಕೆಂದರೆ, ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಉದ್ದ ಸರಪಳಿಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಒಂದು ಗಾಜಿನ ಲೋಟದಲ್ಲಿ ಅದನ್ನು, ಇನ್ನೊಂದರಲ್ಲಿ ನೀರನ್ನು ಹಾಕಿ, ಎರಡಕ್ಕೂ ಚಿಟಿಕೆ ಬ್ಯಾಡಗಿ ಪುಡಿ ಉದುರಿಸಿ, ಒಂದು ರಾತ್ರಿ ಬಿಟ್ಟು ತಿಳಿಯನ್ನು ಹೋಲಿಸಿ. ಅದನ್ನು ಕಾಯಿಸಬಾರದು, ಬಾಯಿಗೆ ಹಾಕಬಾರದು.

ಪೆಟ್ರೋಲ್ ಅಥವಾ ಹೆಕ್ಸೇನ್ ಹಿಡಿದು ಮನೆಯಲ್ಲಿ ಪ್ರಯೋಗ ಮಾಡಲೇಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. ಹೆಕ್ಸೇನಿನ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಅದು ನೆಲ ಹಿಡಿದು ಹರಿದು, ಕೋಣೆಯ ಆಚೆ ಬದಿಯ ದೀಪದಿಂದಲೂ ಹೊತ್ತಿಕೊಳ್ಳಬಲ್ಲದು. ನೇರ ಸರಪಳಿಯ ಹೆಕ್ಸೇನಿಗೆ ಇನ್ನೊಂದು ಅಪಾಯವಿದೆ. ದಿನವೂ ಅದರ ಆವಿ ಕುಡಿದವರ ದೇಹದಲ್ಲಿ ಅದು 2,5-ಹೆಕ್ಸೇನ್‌ಡೈಓನ್ ಎಂಬ ವಸ್ತುವಾಗಿ ಮಾರ್ಪಟ್ಟು ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಮೊದಲು ಬೆರಳುಗಳು ಜೋಮು ಹಿಡಿಯುತ್ತವೆ, ಆಮೇಲೆ ಶಕ್ತಿ ಕುಂದುತ್ತದೆ. ಕವಲೊಡೆದ ಸಮಾಂಗಿಗಳಿಂದ ಈ ವಸ್ತು ಅದೇ ರೀತಿ ಉಂಟಾಗುವುದಿಲ್ಲ. ಬೆಂಡು ಚುಚ್ಚಿದ ಜಾಗ ಬದಲಾದದ್ದು ಮನುಷ್ಯನ ನರದವರೆಗೂ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಕಾಣುವ ಆಕ್ಟೇನ್ ಸಂಖ್ಯೆಯೂ ಸಮಾಂಗಿಗಳ ಮಾತೇ. ನೇರ ಸರಪಳಿಯ ಹೆಪ್ಟೇನ್ ಎಂಜಿನ್ನಿನ ಒತ್ತಡಕ್ಕೆ ಅಕಾಲದಲ್ಲಿ ಹೊತ್ತಿ ಟಕಟಕ ಸದ್ದು ಮಾಡಿಸುವುದರಿಂದ ಅದಕ್ಕೆ 0, ಹೊತ್ತು ಮೀರದೆ ಸಮನಾಗಿ ಉರಿಯುವ 2,2,4-ಟ್ರೈಮೀಥೈಲ್‌ಪೆಂಟೇನಿಗೆ 100 ಎಂದು ಇಟ್ಟು ಉಳಿದವನ್ನು ಅಳೆಯುತ್ತಾರೆ. ಐಸೋಆಕ್ಟೇನ್ ಎನ್ನುವುದು ಈ ಎರಡನೆಯದನ್ನೇ. ಅದೇ ಎಂಟು ಕಾರ್ಬನ್‌ಗಳು ನೇರ ಸಾಲಾದಾಗ ಬರುವ ಆಕ್ಟೇನಿನ ಸಂಖ್ಯೆ ಸೊನ್ನೆಗಿಂತಲೂ ಕೆಳಗೆ.

ಕೊನೆಯ ಅಭ್ಯಾಸ

ಆಕ್ಟೇನಿನ ಹದಿನೆಂಟನ್ನೂ ಮಾಡಿ ನೋಡಿ. ಎಂಟು ಬೆಂಡುಗಳು ಸಾಕು, ಒಂದನ್ನು ಬರೆದುಕೊಂಡ ಮೇಲೆ ಕಿತ್ತು ಮುಂದಿನದನ್ನು ಮಾಡಬಹುದು. ಎಂಟರ ಸರಪಳಿಯಲ್ಲಿ 1, ಏಳರದರಲ್ಲಿ 3, ಆರರದರಲ್ಲಿ 7, ಐದರದರಲ್ಲಿ 6, ನಾಲ್ಕರದರಲ್ಲಿ 1 ಬರಬೇಕು. ಆರರದರಲ್ಲಿ ಒಂದು ಕಡಿಮೆಯಾದರೆ ನೀವು ಹೆಚ್ಚಾಗಿ 3-ಈಥೈಲ್‌ಹೆಕ್ಸೇನನ್ನು ಬಿಟ್ಟಿರುತ್ತೀರಿ. ಐದರದರಲ್ಲಿ ಕಡಿಮೆಯಾದರೆ ಈಥೈಲ್ ಮತ್ತು ಮೀಥೈಲ್ ಎರಡೂ ಇರುವ ಜೋಡಿಯನ್ನು ಹುಡುಕಿ. ಕೊನೆಗೆ ಉಳಿಯುವುದು 2,2,3,3-ಟೆಟ್ರಾಮೀಥೈಲ್‌ಬ್ಯುಟೇನ್. ನಡುವಿನ ಎರಡು ಬೆಂಡುಗಳಿಗೆ ಮೂರುಮೂರು ಬೆಂಡುಗಳು ಚುಚ್ಚಿಕೊಂಡು ಎರಡೂ ಬದಿ ಒಂದೇ ತೆರನಾಗಿರುವ ಆ ಮಾದರಿಯನ್ನು ಮೇಜಿನ ಮೇಲಿಟ್ಟು ನಿಯೋಪೆಂಟೇನಿನ ಕರಗುವ ಬಿಂದುವನ್ನು ನೆನಪಿಸಿಕೊಳ್ಳಿ. ಹದಿನೆಂಟರಲ್ಲಿ ಉಳಿದ ಹದಿನೇಳೂ ದ್ರವಗಳು. ಇದೊಂದು ಮಾತ್ರ ಸುಮಾರು 100 ಡಿಗ್ರಿಯವರೆಗೆ ಕರಗದೆ, ಗದಗಿನ ಕಡುಬೇಸಿಗೆಯಲ್ಲಿಯೂ ಹರಳಾಗಿಯೇ ಉಳಿಯುತ್ತದೆ.